ತಾಲೀಮಿನ ಮನೆ

ನಾಟಕದವರು ಅವನನ್ನು ಸೆಟ್ಟಪ್ಪ ಎಂದು ಕರೆಯುತ್ತಿದ್ದರು. ಅರಮನೆ, ಗುಡಿಸಲು, ಪೊಲೀಸ್ ಠಾಣೆ, ಏನು ಕೇಳಿದರೂ ಪ್ಲೈವುಡ್ಡಿನಲ್ಲಿ ಎಬ್ಬಿಸಿ, ಆಟ ಮುಗಿದ ಮೇಲೆ ಮೊಳೆ ಕಿತ್ತು ಲಾರಿಗೆ ಹೇರುವುದು ಅವನ ಕಸುಬು. ಅವರಿವರಿಗೆಲ್ಲ ಮನೆ ಕಟ್ಟಿಕೊಟ್ಟವನಿಗೆ ಸ್ವಂತದ್ದು ಮಾತ್ರ ಇರಲಿಲ್ಲ; ಬಾಡಿಗೆಯ ಮಹಡಿಮನೆಯಲ್ಲಿ ಹೆಂಡತಿ, ತಾಯಿಯೊಂದಿಗೆ ಇದ್ದ. ಈಗ ಪರದೇಶದ ರಂಗಮಂದಿರವೊಂದು ಅವನನ್ನು ಖಾಯಂ ಕೆಲಸಕ್ಕೆ ಕರೆದಿತ್ತು.

"ಅಲ್ಲೇ ಮನೆ ತಗೊಳ್ಳೋಣ ಕಣೇ. ಒರಗಿಕೊಂಡರೆ ಅಲ್ಲಾಡದ ಗೋಡೆ ಇರೋ ಮನೆ," ಎಂದ ಹೆಂಡತಿಗೆ.

ಅವಳಿಗೆ ಬೇಕಾದದ್ದು ಗೋಡೆಯಲ್ಲ, ಬಾಗಿಲು. ಅವರ ಮಗಳು ತೀರಿಕೊಂಡು ಎರಡು ವರ್ಷವಾಗಿತ್ತು. ಜ್ವರವೆಂದು ಆಸ್ಪತ್ರೆಗೆ ಎತ್ತಿಕೊಂಡು ಹೋದರು, ಬರಿಗೈಯಲ್ಲಿ ಬಂದರು. ಅಜ್ಜಿಯ ಬಾಯಲ್ಲಿ ಚಿನಕುರಳಿಯಾಗಿದ್ದ ಆ ಐದು ವರ್ಷದ ಹುಡುಗಿಗೆ ಇದ್ದದ್ದು ಒಂದೇ ಆಟ: ಬಾಗಿಲ ಹಿಂದೆ ಉಸಿರು ಬಿಗಿಹಿಡಿದು ನಿಲ್ಲುವುದು. ಅವಳ ಮೂಗು ಜಜ್ಜೀತೆಂಬ ಹೆದರಿಕೆಗೆ ಮನೆಯವರೆಲ್ಲ ಬಾಗಿಲನ್ನು ಅರ್ಧ ತಳ್ಳಿ, ನಿಂತು, ಒಳಗಿನಿಂದ "ಕೂ" ಎಂದು ಕೇಳಿದ ಮೇಲೆ ಮಿಕ್ಕರ್ಧ ತಳ್ಳುತ್ತಿದ್ದರು. ಈಗ "ಕೂ" ಇರಲಿಲ್ಲ. ಅರ್ಧ ತಳ್ಳಿ ನಿಲ್ಲುವುದು ಮಾತ್ರ ಉಳಿದಿತ್ತು. ಮೂವರು ದೊಡ್ಡವರು, ಬಚ್ಚಲಿಗೆ ಹೋಗುವಾಗಲೂ, ಯಾರದೋ ಅಪ್ಪಣೆಗೆ ಕಾದವರಂತೆ ಬಾಗಿಲಲ್ಲಿ ನಿಲ್ಲುತ್ತಿದ್ದರು. ಅದರ ಬಗ್ಗೆ ಯಾರೂ ಮಾತೆತ್ತುತ್ತಿರಲಿಲ್ಲ.

ಹೆಂಡತಿ ಕಣ್ಣಾಸ್ಪತ್ರೆಯಲ್ಲಿ ಕನ್ನಡಕದ ನಂಬರು ನೋಡುವವಳು. ಕಾಣುತ್ತದೋ ಇಲ್ಲವೋ, ಎರಡರಲ್ಲೊಂದು ಹೇಳಿ ಎನ್ನುವುದು ಅವಳ ದಿನದ ಮಾತು. "ಬಾಗಿಲನ್ನ ಒಂದೇ ಸಲಕ್ಕೆ ತಳ್ಳಿಕೊಂಡು ಒಳಗೆ ಹೋಗೋ ಹಾಗಿದ್ದರೆ ಬರ್ತೀನಿ," ಎಂದಳು. "ಅಲ್ಲೂ ಇದೇ ಆದರೆ ನೀವೂ ಅತ್ತೆಯೂ ಹೋಗಿ. ನಾನು ಬರಲ್ಲ."

ಮನೆ ತೋರಿಸುವ ದಲ್ಲಾಳಿ ಅವರದೇ ಭಾಷೆಯವಳು. ಎಂದೋ ಹೋಗಿ ಅಲ್ಲೇ ನೆಲೆಸಿದ್ದಳು. ಅವಳ ಕನ್ನಡ ವಿಮಾನ ಹತ್ತಿದ ದಿನಕ್ಕೇ ನಿಂತುಹೋಗಿತ್ತು. ಹಿಡಿಸಿದ್ದೆಲ್ಲ ಅವಳಿಗೆ ಇನ್ನೂ "ಫಸ್ಟ್ ಕ್ಲಾಸು". ಫೋನಿನ ವಿಡಿಯೋದಲ್ಲೇ ಹಲವು ಮನೆ ಸುತ್ತಿಸಿದ ಮೇಲೆ ಒಂದು ಮೂವರಿಗೂ ಹಿಡಿಸಿತು. ಬೀದಿಯ ಕೊನೆಯ ಮನೆ. ಕೆಳಗೇ ಎಲ್ಲ, ಅತ್ತೆಯ ಮಂಡಿಗೆ ಮೆಟ್ಟಿಲಿನ ಕಾಟವಿಲ್ಲ. ಹಿಂದಿನ ಚಿಕ್ಕ ಕೋಣೆಯಲ್ಲಿ ಮಾರುವವರ ರಟ್ಟಿನ ಡಬ್ಬಗಳು ತುಂಬಿದ್ದರಿಂದ ಅದೊಂದನ್ನು ತೆರೆದಿರಲಿಲ್ಲ. "ಅವರು ಖಾಲಿ ಮಾಡಿದ ಮೇಲೆ ತೋರಿಸ್ತೀನಿ ಮೇಡಂ," ಎಂದು ನಕ್ಷೆ ಕಳಿಸಿದಳು.

ನಕ್ಷೆ ಕೈಗೆ ಸಿಕ್ಕಿದ್ದೇ ತಡ, ಸೆಟ್ಟಪ್ಪ ತನ್ನ ಕಸುಬಿನ ಕೆಲಸ ಮಾಡಿದ. ನಾಟಕದಲ್ಲಿ ಸೆಟ್ಟು ಏಳುವ ಮೊದಲೇ ತಾಲೀಮಿನ ನೆಲದ ಮೇಲೆ ಅದೇ ಅಳತೆಗೆ ಗೆರೆ ಎಳೆಯುತ್ತಾರೆ. ಇಲ್ಲಿ ಗೋಡೆ, ಇಲ್ಲಿ ಕಿಟಕಿ ಎಂದು ನಟರ ಕಾಲು ಕಲಿತುಬಿಡುತ್ತದೆ. ಅವನು ತಾರಸಿಯ ಮೇಲೆ ಸೀಮೆಸುಣ್ಣದಲ್ಲಿ ಇಡೀ ಮನೆ ಬರೆದ.

"ಇದೇನೋ ಹುಚ್ಚು?" ಎಂದಳು ತಾಯಿ.

"ಕಾಲಿಗೆ ಮನೆ ಗೊತ್ತಾಗ್ಬೇಕಮ್ಮ. ಆಮೇಲೆ ಅಲ್ಲಿ ಕತ್ತಲಲ್ಲೂ ಎಡವಲ್ಲ."

ಸಂಜೆಯ ಹೊತ್ತು ಮೂವರೂ ಅಲ್ಲಿ ಸಂಸಾರ ಹೂಡಿದರು. ಅತ್ತೆ ತನ್ನ ಕೋಣೆಯಲ್ಲಿ ಕುರ್ಚಿ ಹಾಕಿಸಿಕೊಂಡು ಕಾನೂನು ಜಾರಿ ಮಾಡಿದಳು. ಮಗ ನೀರಿನ ಚೊಂಬು ತರಲು ಅಡ್ಡದಾರಿ ಹಿಡಿದರೆ, "ಲೋ, ಗೋಡೆಯೊಳಗಿಂದ ಬಂದೆಯಲ್ಲೋ! ದೆವ್ವಾನಾ ನೀನು? ಬಾಗಿಲಿಂದ ಬಾ!" ಕೆಳಮನೆಯವರು ಅಡುಗೆಮನೆಯಲ್ಲಿ ಟವೆಲ್ಲು ಒಣಹಾಕಿದ್ದಕ್ಕೆ ಒಂದು ಜಗಳವೂ ಆಯಿತು.

ಹೆಂಡತಿ ನಕ್ಕಳು. ಗೆರೆಗಳ ನಡುವಿನ ಸಂದುಗಳಲ್ಲಿ ದಾಪುಗಾಲು ಹಾಕಿ ಓಡಾಡಿದಳು. ತಳ್ಳಲು ಬಾಗಿಲೇ ಇಲ್ಲದ ಮನೆ, ಎಲ್ಲೂ ನಿಲ್ಲಬೇಕಾಗಿರಲಿಲ್ಲ.

ಆದರೆ ಅವಳದು ನೋಡುವ ಕಣ್ಣು. ನಕ್ಷೆಯಲ್ಲಿ ಬಾಗಿಲು ಎಷ್ಟು ತೆರೆಯುತ್ತದೆಂದು ತೋರಿಸಲು ಕಮಾನಿನಂಥ ಗೆರೆ ಇರುತ್ತದಲ್ಲ, ತಾರಸಿಯ ಮೇಲೆ ಅದು ಉಳಿದೆಲ್ಲ ಕೋಣೆಗೂ ಪೂರ್ತಿ ಇತ್ತು. ಚಿಕ್ಕ ಕೋಣೆಗೆ ಮಾತ್ರ ಅರ್ಧಕ್ಕೇ ನಿಂತಿತ್ತು.

"ಇದ್ಯಾಕ್ರೀ ಹೀಗೆ?"

"ಅದು ಅಷ್ಟೇ ತೆಗೆಯೋದು," ಎಂದವನು ತನ್ನ ಮಾತು ತನಗೇ ಕೇಳಿಸಿ ನಕ್ಷೆ ತೆಗೆದು ನೋಡಿದ. ಅದರಲ್ಲಿ ಪೂರ್ತಿ ಇತ್ತು. ಅವನ ಕೈ ತಪ್ಪಿತ್ತು. ವರ್ಷಗಟ್ಟಲೆ ಅಳತೆಯಲ್ಲಿ ಕೂದಲೆಳೆಯಷ್ಟೂ ತಪ್ಪದ ಕೈ.

ಪೂರ್ತಿ ಬರೆದ. ಮಾರನೆಯ ಸಂಜೆ ಹತ್ತಿ ನೋಡಿದರೆ ಉಳಿದ ಗೆರೆಗಳೆಲ್ಲ ಹಾಗೇ ಇದ್ದವು. ಆ ಕಮಾನಿನ ಹೊಸ ಅರ್ಧ ಮಾಸಿಹೋಗಿತ್ತು.

"ಅತ್ತೆ, ನೀವು ಅಳಿಸಿದ್ರಾ?"

"ನಾನ್ಯಾಕಮ್ಮ ಅಳಿಸಲಿ? ನನಗೆ ಬಗ್ಗೋಕಾಗುತ್ತಾ?" ಎಂದ ಅತ್ತೆ ಎದ್ದು ಚಿಕ್ಕ ಕೋಣೆಯತ್ತ ನಡೆದಳು. ಹೊಸ್ತಿಲ ಗೆರೆಯಲ್ಲಿ ನಿಂತಳು. ಆಮೇಲೆ ಒಳಗೆ ಹೋದಳು. ಅವಳ ಹಿಂದೆಯೇ ಹೋದ ಸೆಟ್ಟಪ್ಪನೂ ನಿಂತ, ಹೋದ. ಬರೀ ಗಾಳಿಗೆ ಅಂಗೈ ಕೊಟ್ಟು ನಿಂತಿದ್ದ. ಹೆಂಡತಿ ಬೈಯಲೆಂದು ರಭಸದಿಂದ ಬಂದವಳು ಅದೇ ಗೆರೆಯಲ್ಲಿ ತನ್ನ ಕಾಲೂ ನಿಂತದ್ದನ್ನು ಕಂಡಳು.

"ನೋಡಿದ್ರಾ?" ಎಂದಳು. "ತಾಲೀಮು ಮಾಡಿಸಿ ಮಗೂಗೂ ಆ ಮನೆ ದಾರಿ ಹೇಳಿಕೊಟ್ರಿ."

ಅಂದಿನಿಂದ ಅವಳು ತಾರಸಿ ಹತ್ತಲಿಲ್ಲ.

ಮನೆ ಖಾಲಿಯಾದ ದಿನ ದಲ್ಲಾಳಿ ಫೋನು ಮಾಡಿದಳು. "ಇವತ್ತೇ ಹೂಂ ಅನ್ನಬೇಕು ಮೇಡಂ. ಮಧ್ಯಾಹ್ನ ಇನ್ನೊಬ್ಬರು ಬರ್ತಾರೆ." ಮೂವರೂ ಪುಟ್ಟ ಪರದೆಗೆ ಮುಖ ಒಡ್ಡಿದರು. ಆಕೆ ನಡುಮನೆಯ ಬಾಗಿಲನ್ನು ಧಡ್ ಎಂದು ತಳ್ಳಿದಳು. ಅಡುಗೆಮನೆ, ಧಡ್. ಮಲಗುವ ಕೋಣೆ, ಧಡ್. "ಬೆಳಕು ನೋಡಿ, ಫಸ್ಟ್ ಕ್ಲಾಸು!" ಒಂದೊಂದು ಧಡ್‌ಗೂ ಹೆಂಡತಿಯ ಭುಜ ಇಷ್ಟಿಷ್ಟೇ ಸಡಿಲವಾಗುತ್ತಿತ್ತು. ಸೆಟ್ಟಪ್ಪ ಅದನ್ನೇ ನೋಡುತ್ತಿದ್ದ.

ಚಿಕ್ಕ ಕೋಣೆಯ ಬಾಗಿಲು ಅರ್ಧ ತೆರೆದು ನಿಂತಿತು.

"ಅರೆ, ಸಿಕ್ಕಾಕ್ಕೊಳ್ತು. ಒಳಗೇನೂ ಇಲ್ಲ ಮೇಡಂ, ಎಲ್ಲ ಸಾಗಿಸಿದ್ದಾರೆ. ನೆಲಹಾಸು ಉಬ್ಬಿರಬೇಕು. ಇರಿ, ಭುಜ ಕೊಟ್ಟು ನೂಕ್ತೀನಿ."

"ತಳ್ಳಬೇಡಿ!"

ಹೆಂಡತಿಯ ಕೂಗಿಗೆ ಪರದೆಯ ಮೇಲಿನ ಚಿತ್ರ ನಡುಗಿತು. "ಏನಾಯ್ತು ಮೇಡಂ?"

"ಸುಮ್ನೆ ನಿಂತ್ಕೊಳ್ಳಿ. ಸ್ವಲ್ಪ ಹೊತ್ತು."

ದಲ್ಲಾಳಿ ನಿಂತಳು. ಪರದೆಯಲ್ಲಿ ಅರ್ಧ ಬಾಗಿಲು, ಅದರಾಚೆ ಬರಿಯ ಗೋಡೆ. ಇಲ್ಲಿ ಮೂವರೂ ಉಸಿರಾಡಲಿಲ್ಲ. ಏನೂ ಕೇಳಿಸಲಿಲ್ಲ, ಕೇಳಿಸಿತೆಂದು ಅವರಲ್ಲಿ ಯಾರೂ ಮುಂದೆಯೂ ಹೇಳಲಿಲ್ಲ.

"ಓ, ಬಂತು ನೋಡಿ," ಎಂದಳು ದಲ್ಲಾಳಿ. "ತಾನಾಗೇ ತೆರೆದುಕೊಳ್ತು."

ಕೋಣೆ ಖಾಲಿ. ಕಿಟಕಿಯ ಬಿಸಿಲು ನೆಲದ ಮೇಲಿತ್ತು.

ಸೆಟ್ಟಪ್ಪ ಫೋನಿಗೆ ಕೈ ಚಾಚಿದ. "ಬಿಡು," ಎಂದ ಹೆಂಡತಿಗೆ, ಮೆಲ್ಲಗೆ. "ಬೇರೆ ನೋಡೋಣ. ಇಲ್ಲಾಂದ್ರೆ ಹೋಗೋದೇ ಬೇಡ."

ಅವಳು ಫೋನು ಬಿಡಲಿಲ್ಲ. "ಮಧ್ಯಾಹ್ನ ಬರೋರು ಎಂಥ ಜನ?"

"ಒಳ್ಳೇ ಜನ ಮೇಡಂ. ತುಂಬಿದ ಸಂಸಾರ. ಗಲಾಟೆ ಜಾಸ್ತಿ, ಅಷ್ಟೇ."

"ಬಾಗಿಲು ಜೋರಾಗಿ ತಳ್ತಾರಾ?"

ದಲ್ಲಾಳಿ ನಕ್ಕಳು. "ಬಾಗಿಲನ್ನ ಇನ್ನು ಹೇಗೆ ತಳ್ತಾರೆ ಮೇಡಂ?"

"ಅವರಿಗೆ ಬರೋದು ಬೇಡ ಅನ್ನಿ," ಎಂದಳು ಹೆಂಡತಿ. "ಮನೆ ನಾವೇ ತಗೋತೀವಿ."

ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡು, ಮಂಡಿ ನೋವೆಂದು ಯಾರನ್ನೋ ಬೈಯುತ್ತ ಒಳಗೆ ಹೋದಳು.

ಮನೆ ಬಿಡುವವರು ತಾರಸಿ ತೊಳೆದುಕೊಡಬೇಕೆಂದು ಕೆಳಮನೆಯವರ ತಕರಾರು. ಸೆಟ್ಟಪ್ಪ ಬಕೆಟ್ಟು, ಪೊರಕೆ ಹಿಡಿದು ಹತ್ತಿದ. ನಡುಮನೆ ಹೋಯಿತು, ಅಡುಗೆಮನೆ ಹೋಯಿತು, ತಾಯಿಯ ಕೋಣೆಯೂ ಕಾಲುವೆಯಾಗಿ ಹರಿಯಿತು. ಎಷ್ಟೋ ದಿನದ ಮೇಲೆ ಹೆಂಡತಿಯೂ ಮೇಲೆ ಬಂದಿದ್ದಳು.

"ಆ ಚಿಕ್ಕ ರೂಮಿಗೆ ನೀರು ಹಾಕಬೇಡಿ ರೀ," ಎಂದಳು. "ಹೊರಡೋಕೆ ಇನ್ನೂ ದಿನ ಇದೆ."