ಕಾರ್ಥೇಜಿನ ಜಗಳ, ಲೊಂಬಾರ್ಡಿನ ತಿಥಿ

ಶಿಕಾಗೋ ಪಕ್ಕದ ಲೊಂಬಾರ್ಡಿನ ಹತ್ತಿರದ ಒಂದು ಸಣ್ಣ ಕಾಲೇಜಿನಲ್ಲಿ ಚಂದ್ರಮೌಳಿ ರೋಮ್ ಸಾಮ್ರಾಜ್ಯದ ಕೊನೆಗಾಲದ ಪಾಠ ಹೇಳುತ್ತಿದ್ದ. ಮೈಸೂರಿನ ಬ್ರಾಹ್ಮಣನೊಬ್ಬ ಇಲಿನಾಯ್ ಹುಡುಗರಿಗೆ ಕ್ರೈಸ್ತ ಬಿಷಪ್ಪುಗಳ ಜಗಳ ಬಿಡಿಸಿ ಹೇಳುವುದು ಮೊದಮೊದಲು ಅವನಿಗೇ ನಗು ತರಿಸುತ್ತಿತ್ತು. ಆಮೇಲೆ ರೂಢಿಯಾಯಿತು. ಅವನ ಅಚ್ಚುಮೆಚ್ಚಿನ ಜಗಳವೆಂದರೆ ಆಫ್ರಿಕದ ಡೊನಾಟಿಸ್ಟರೆಂಬ ಕ್ರೈಸ್ತ ಪಂಗಡದ್ದು. ಅದರಲ್ಲಿಯೂ ಯಾರ ಪರವನ್ನೂ ಅವನು ವಹಿಸುತ್ತಿರಲಿಲ್ಲ. ಸತ್ತು ಇಷ್ಟು ಶತಮಾನವಾದವರ ಪರ ವಹಿಸಿ ತನಗೆ ಆಗಬೇಕಾದ್ದೇನು ಎನ್ನುತ್ತಿದ್ದ.

ಆ ಜಗಳ ತನ್ನ ಮನೆ ಬಾಗಿಲಿಗೇ ಬಂದು ನಿಲ್ಲುತ್ತದೆಂದು ಅವನು ಕನಸಿನಲ್ಲೂ ಎಣಿಸಿರಲಿಲ್ಲ. 1977ರ ಚಳಿಗಾಲದ ಹೊಸ್ತಿಲಲ್ಲಿ ಬಂತು, ಅದೂ ಒಂದು ಹ್ಯಾಂಬರ್ಗರಿನ ನೆಪದಲ್ಲಿ.

ತಿಂದವನು ಹಯವದನ. ಇಟಾಸ್ಕಾದ ಆಫೀಸೊಂದರಲ್ಲಿ ಸಿವಿಲ್ ಎಂಜಿನಿಯರ್. ಹುಡುಗನಾಗಿದ್ದಾಗ ಮಠದ ಪಾಠಶಾಲೆಯಲ್ಲಿ ಮಂತ್ರ ಕಲಿತಿದ್ದ. ಸುತ್ತಮುತ್ತಲ ಕನ್ನಡದವರಿಗೆ ಗುಡಿಯೂ ಇರಲಿಲ್ಲ, ಪುರೋಹಿತರೂ ಇರಲಿಲ್ಲ. ಹಾಗಾಗಿ ನಾಮಕರಣ, ಸತ್ಯನಾರಾಯಣ ಪೂಜೆ, ಮದುವೆ ಎಲ್ಲಕ್ಕೂ ಅವನೇ. ಟೈ ಬಿಚ್ಚಿ ಪಂಚೆ ಉಟ್ಟರೆ ಮುಗಿಯಿತು. ಅಂಥವನು ಶಾಪಿಂಗ್ ಸೆಂಟರಿನಲ್ಲಿ ಕೂತು ಬೀಫ್ ತಿನ್ನುವುದನ್ನು ಓಕ್ ಬ್ರೂಕಿನ ಡಾಕ್ಟರ್ ಜಗನ್ನಾಥ ಕಣ್ಣಾರೆ ಕಂಡ. ಕೇಳಿದರೆ ಹಯವದನ ಮುಚ್ಚುಮರೆ ಮಾಡಲಿಲ್ಲ.

"ಹೌದು, ತಿಂತೀನಿ. ಈ ದೇಶಕ್ಕೆ ಬಂದ ವರ್ಷದಿಂದ್ಲೂ ತಿಂತಿದೀನಿ. ನೀವ್ಯಾರೂ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ" ಎಂದುಬಿಟ್ಟ.

ಜನ ಹೌಹಾರಿದರು. ಭಾನುವಾರ ಜಗನ್ನಾಥನ ಬೇಸ್‌ಮೆಂಟಿನಲ್ಲಿ ಸಭೆ ಸೇರಿತು. ಹಯವದನನೂ ಬಂದು ಮೂಲೆಯ ಕುರ್ಚಿಯಲ್ಲಿ ಕೂತ.

"ನನ್ನ ತಂಗಿ ಮದುವೆ ಮಾಡ್ಸಿದ್ದು ಇವ್ರೇ. ಈಗ ಅವಳಿಗೆ ಮದುವೆ ಆಗಿದ್ಯೋ ಇಲ್ವೋ?" ಎಂದ ಜಗನ್ನಾಥ. "ಪಿಟ್ಸ್‌ಬರ್ಗ್ ಕಡೆಯಿಂದ ಒಬ್ರು ಶಾಸ್ತ್ರಿಗಳು ಬರೋದಕ್ಕೆ ಒಪ್ಪಿದಾರೆ. ಟಿಕೆಟ್ಟೂ ಬುಕ್ ಆಗಿದೆ. ಎಲ್ಲಾನೂ ಮೊದಲಿಂದ ಮಾಡಿಸ್ಬಿಡೋಣ. ಏನಂತೀರಿ ಪ್ರೊಫೆಸರೇ?"

ಎಲ್ಲರ ಕಣ್ಣೂ ಚಂದ್ರಮೌಳಿಯ ಮೇಲೆ ಬಿತ್ತು. ಇದರಲ್ಲಿ ಅವನಿಗೂ ಸ್ವಂತದ್ದೊಂದು ಭಯವಿತ್ತೆಂದು ಯಾರಿಗೂ ಹೊಳೆಯಲಿಲ್ಲ. ಕೆಲವು ವರ್ಷಗಳ ಹಿಂದೆ ಅವನ ಅಪ್ಪ ಮೈಸೂರಿನಲ್ಲಿ ತೀರಿಕೊಂಡಾಗ ಗ್ರೀನ್ ಕಾರ್ಡಿನ ಅರ್ಜಿ ನಡುದಾರಿಯಲ್ಲಿತ್ತು. ದೇಶ ಬಿಟ್ಟು ಹೋಗುವಂತಿರಲಿಲ್ಲ. ಇದ್ದವನೊಬ್ಬನೇ ಮಗ. ಚಿತೆಗೆ ಬೆಂಕಿ ಇಟ್ಟವರು ಚಿಕ್ಕಪ್ಪ. ಉಳಿದ ಕರ್ಮವನ್ನೆಲ್ಲ ಹಯವದನನೇ ಲೊಂಬಾರ್ಡಿನ ಗರಾಜಿನಲ್ಲಿ ಕೂತು ಚಂದ್ರಮೌಳಿಯ ಕೈಯಲ್ಲಿ ಮಾಡಿಸಿದ್ದ. ಪ್ರೇತವಾಗಿ ಅಲೆಯುವ ತಂದೆಯನ್ನು ಅಜ್ಜ ಮುತ್ತಜ್ಜರ ಸಾಲಿಗೆ ಸೇರಿಸುವ ಸಪಿಂಡೀಕರಣವೂ ಅಲ್ಲಿಯೇ ಆಗಿತ್ತು. ಅದು ಸಲ್ಲದೆ ಹೋಗಿದ್ದರೆ ಅಪ್ಪ ಇಂದಿಗೂ ಹಸಿದು ಎಲ್ಲೋ ಅಲೆಯುತ್ತಿರಬೇಕು. ಇಂಥದ್ದನ್ನೆಲ್ಲ ತಾನು ನಂಬುವುದಿಲ್ಲವೆಂದೇ ಚಂದ್ರಮೌಳಿ ತಿಳಿದಿದ್ದ. ಹ್ಯಾಂಬರ್ಗರಿನ ಸುದ್ದಿ ಕೇಳಿದಂದಿನಿಂದ ಊಟ ರುಚಿಸುತ್ತಿರಲಿಲ್ಲ.

ಆದರೂ ಬಾಯಿ ತೆರೆದಾಗ ಹೊರಟದ್ದು ಕ್ಲಾಸಿನ ದನಿಯೇ. ಚಕ್ರವರ್ತಿಯೊಬ್ಬ ಕ್ರೈಸ್ತರ ಪವಿತ್ರ ಗ್ರಂಥಗಳನ್ನು ಸುಡಲು ಆಜ್ಞೆ ಮಾಡಿದ, ಪ್ರಾಣಭಯಕ್ಕೆ ಕೆಲವು ಬಿಷಪ್ಪುಗಳು ಗ್ರಂಥ ಒಪ್ಪಿಸಿದರು ಎಂದ. ಕಷ್ಟಕಾಲ ಕಳೆದ ಮೇಲೆ, ಹಾಗೆ ಒಪ್ಪಿಸಿದವನೆಂಬ ಅಪವಾದ ಹೊತ್ತವನೊಬ್ಬ ಕಾರ್ಥೇಜಿನ ಹೊಸ ಬಿಷಪ್ಪನಿಗೆ ದೀಕ್ಷೆ ಕೊಟ್ಟ. ಕೊಟ್ಟವನ ಕೈ ಕೆಟ್ಟದ್ದು, ಆದ್ದರಿಂದ ದೀಕ್ಷೆ ಸುಳ್ಳು, ಅವನ ಕಡೆಯವರು ಕ್ರೈಸ್ತರಾಗುವವರಿಗೆ ಮಾಡಿಸಿದ ಸ್ನಾನಸಂಸ್ಕಾರವೂ ಸುಳ್ಳು ಎಂದರು ಡೊನಾಟಿಸ್ಟರು. ನೂರು ವರ್ಷ ಊರೂರಿಗೆ ಇಬ್ಬಿಬ್ಬರು ಬಿಷಪ್ಪುಗಳು, ಬೀದಿಬೀದಿಯಲ್ಲಿ ಹೊಡೆದಾಟ.

"ಕಡೆಗೆ ಗೆದ್ದ ವಾದ ಏನು ಗೊತ್ತಾ?" ಎಂದ ಚಂದ್ರಮೌಳಿ. "ಸಂಸ್ಕಾರ ಕೊಡೋನು ದೇವರು, ಪುರೋಹಿತ ಅಲ್ಲ. ಪುರೋಹಿತ ಎಂಥವನೇ ಆಗಿರ್ಲಿ, ಮಾಡ್ಸಿದ್ದು ಸಲ್ಲುತ್ತೆ. ಇಲ್ದಿದ್ರೆ ಯಾವ ಪುರೋಹಿತನ ಮನಸ್ಸಲ್ಲಿ ಏನಿದೆ ಅಂತ ಯಾರು ನೋಡ್ತಾರೆ? ಯಾರ ಮದುವೇನೂ ಗಟ್ಟಿ ಇರಲ್ಲ."

ಹುಬ್ಬಳ್ಳಿಯ ಎಂಜಿನಿಯರ್ ಗುರುಶಾಂತಪ್ಪ ಲಿಂಗಾಯತ. ಅವನ ಮನೆಯ ಕಾರ್ಯಕ್ಕೆ ಹಯವದನ ಬೇಕಾಗಿರಲಿಲ್ಲ, ತಮಾಷೆ ನೋಡಲು ಬಂದಿದ್ದ. "ಗೆದ್ದ ವಾದ ಅಂದ್ರಲ್ರೀ, ಗೆಲ್ಸಿದಾವ್ರು ಯಾರು?" ಎಂದು ಕೇಳಿದ.

"ಚಕ್ರವರ್ತಿಯ ಅಧಿಕಾರಿ."

"ಮತ್ತ ಸೋತಾವ್ರು?"

"ದಂಡ ಹಾಕಿದ್ರು. ಅವರ ಚರ್ಚುಗಳನ್ನ ಕಿತ್ಕೊಂಡ್ರು."

"ಹಂಗಂದ್ರ ದೇವ್ರು ಗೆಲ್ಲಿಲ್ಲ ಬಿಡ್ರಿ" ಎಂದು ಗುರುಶಾಂತಪ್ಪ ನಕ್ಕ.

ಉಳಿದವರಿಗೆ ಅಷ್ಟು ದೂರದ ಯೋಚನೆ ಬೇಕಿರಲಿಲ್ಲ. ಜಗನ್ನಾಥ ನಿಟ್ಟುಸಿರು ಬಿಟ್ಟು ಕಾಫಿ ತರಿಸಿದ. ಹೆಂಗಸರು ಮಾತಿಗೆ ತೊಡಗಿದರು. ಹಯವದನ ಹೊರಡುವಾಗ ಚಂದ್ರಮೌಳಿಯ ಕೈ ಹಿಡಿದು ಕುಲುಕಿದ. ಯಾವುದನ್ನೂ ಮತ್ತೆ ಮಾಡಿಸುವುದು ಬೇಡ, ಶಾಸ್ತ್ರಿಗಳು ಹೇಗೂ ಬರಲಿ, ಒಂದು ಸಾಮೂಹಿಕ ಪೂಜೆ ಮಾಡಿಸೋಣ ಎಂದು ತೀರ್ಮಾನವಾಯಿತು.

ಮನೆಗೆ ಡ್ರೈವ್ ಮಾಡುವಾಗ ಚಂದ್ರಮೌಳಿ ಹೆಂಡತಿ ಸರಳಾಗೆ ಹೇಳಿದ: "ಆ ವಾರವೇ ಅಪ್ಪನ ತಿಥಿ ಬೀಳುತ್ತೆ. ಶಾಸ್ತ್ರಿಗಳು ಬಂದಿರ್ತಾರಲ್ಲ, ಅವರ ಕೈಲೇ ಮಾಡಿಸ್ತೀನಿ."

"ಅಲ್ಲಿ ಅಷ್ಟು ದೊಡ್ಡ ಭಾಷಣ ಮಾಡಿದ್ರಿ. ಹಯವದನ ಏನಂದ್ಕೋತಾರೆ?"

"ಏನೂ ಅಂದ್ಕೊಳಲ್ಲ."

ಅಂದುಕೊಂಡನೋ ಇಲ್ಲವೋ, ಓಹೇರ್ ಏರ್‌ಪೋರ್ಟು ತನ್ನ ಆಫೀಸಿಗೆ ಹತ್ತಿರ, ಶಾಸ್ತ್ರಿಗಳನ್ನು ಕರೆತರುವುದೂ ಬಿಡುವುದೂ ತನ್ನ ಕೆಲಸ ಎಂದು ಹಯವದನ ತಾನಾಗಿಯೇ ಹೇಳಿದ. ತಿಥಿಯ ದಿನ ಬೆಳಿಗ್ಗೆ ಅವರನ್ನು ಚಂದ್ರಮೌಳಿಯ ಮನೆಗೂ ಅವನೇ ಕರೆತಂದ. ಒಳಗೆ ಬಂದು ಗೋಡೆಗೊರಗಿ ಕೂತು ಎಳ್ಳು ಆರಿಸತೊಡಗಿದ.

ಶಾಸ್ತ್ರಿಗಳು ಕೋಲಾರದ ಕಡೆಯವರು, ಕಟ್ಟುನಿಟ್ಟಿನ ಮನುಷ್ಯ. ದರ್ಭೆ ಜೋಡಿಸುತ್ತ, ಎಲ್ಲರ ಮನೆಯಲ್ಲೂ ಕೇಳುವ ಹಾಗೆ ಕೇಳಿದರು: "ಮೊದಲ ವರ್ಷದ ಕರ್ಮ ಎಲ್ಲಾ ಸರಿಯಾಗಿ ಆಗಿದೆ ತಾನೆ? ಸಪಿಂಡೀಕರಣ ಮಾಡಿಸಿದ್ದು ಯಾರು? ಅದರಲ್ಲಿ ಲೋಪ ಇದ್ರೆ ಈ ತಿಥಿ ನಿಲ್ಲಲ್ಲ. ಪ್ರಾಯಶ್ಚಿತ್ತ ಮಾಡಿ ಅಲ್ಲಿಂದ್ಲೇ ಶುರು ಮಾಡ್ಬೇಕಾಗುತ್ತೆ."

ಚಂದ್ರಮೌಳಿ ಕಾದಿದ್ದದ್ದು ಇದೇ ಮಾತಿಗೆ. ಇದ್ದದ್ದು ಇದ್ದ ಹಾಗೆ ಹೇಳಿದರೆ ಅಪ್ಪ ದಡ ಸೇರುತ್ತಾರೆ. ಆದರೆ ಬೇಸ್‌ಮೆಂಟಿನಲ್ಲಿ ಎಲ್ಲರೆದುರು ಆಡಿದ ಮಾತು? ಎದುರಿಗೇ ಕೂತಿರುವ ಈ ಮನುಷ್ಯ? ಚಂದ್ರಮೌಳಿ ಎರಡರಿಂದಲೂ ತಪ್ಪಿಸಿಕೊಳ್ಳಲು ನೋಡಿದ.

"ಮೈಸೂರಲ್ಲೇ ಆಯ್ತು ಶಾಸ್ತ್ರಿಗಳೇ. ಚಿಕ್ಕಪ್ಪ ಮಾಡಿದ್ರು" ಎಂದ.

ಎಳ್ಳು ಆರಿಸುತ್ತಿದ್ದ ಕೈ ನಿಂತಿತು. ಸರಳಾ ಅಡಿಗೆಮನೆಯ ಬಾಗಿಲಲ್ಲಿ ತಲೆ ತಗ್ಗಿಸಿದಳು.

"ಹಾಗಾದ್ರೆ ಚಿಂತೆಯಿಲ್ಲ" ಎಂದು ಶಾಸ್ತ್ರಿಗಳು ಪಂಚಪಾತ್ರೆಗೆ ಕೈ ಹಾಕಿದರು.

"ಇಲ್ಲ, ಅವರಿಗೆ ಜ್ಞಾಪಕ ಇಲ್ಲ" ಎಂದ ಹಯವದನ. ದನಿಯಲ್ಲಿ ಸಿಟ್ಟಿರಲಿಲ್ಲ. "ಮಾಡ್ಸಿದ್ದು ನಾನು, ಇದೇ ಮನೆ ಗರಾಜಿನಲ್ಲಿ. ಆಗ ನಾನು ದನದ ಮಾಂಸ ತಿಂತಿದ್ದೆ, ಈಗ್ಲೂ ತಿಂತೀನಿ. ಇವರಿಗೆ ಅದು ಗೊತ್ತಿರ್ಲಿಲ್ಲ. ನೀವು ಮೊದಲಿಂದ ಮಾಡಿಸ್ಬಿಡಿ."

ಶಾಸ್ತ್ರಿಗಳು ಪಂಚಪಾತ್ರೆಯಿಂದ ಕೈ ತೆಗೆದರು. ಬೈಯಲಿಲ್ಲ. "ಸರಿ. ಕರ್ಮ ಮುಗಿಯೋ ತನಕ ನೀವು ಇಲ್ಲಿರೋ ಹಾಗಿಲ್ಲ" ಎಂದರು.

"ಕಾರಲ್ಲಿರ್ತೀನಿ. ಏರ್‌ಪೋರ್ಟಿಗೆ ಬಿಡ್ಬೇಕಲ್ಲ" ಎಂದು ಹಯವದನ ಎಳ್ಳಿನ ತಟ್ಟೆಯನ್ನು ದೂರ ಸರಿಸಿ ಎದ್ದ. ಬಾಗಿಲು ತೆರೆದಾಗ ಹಿಮದ ಗಾಳಿ ಒಳಗೆ ನುಗ್ಗಿತು. ಕೋಟು ಅವನ ತೋಳ ಮೇಲೆಯೇ ಇತ್ತು.

ಇನ್ನು ಶಾಸ್ತ್ರಿಗಳು ಶಿಕಾಗೋ ಬಿಡುವುದರೊಳಗೆ ಜಗನ್ನಾಥನಿಗೆ ಸುದ್ದಿ ಮುಟ್ಟುತ್ತದೆ. ಪ್ರೊಫೆಸರೇ ಮತ್ತೆ ಮಾಡಿಸಿದ ಮೇಲೆ ಯಾರು ತಾನೆ ಸುಮ್ಮನಿರುತ್ತಾರೆ? ಹಯವದನನನ್ನು ಇನ್ನು ಯಾರೂ ಮನೆಗೆ ಕರೆಯುವುದಿಲ್ಲ. ಅದು ಹಯವದನನಿಗೂ ಗೊತ್ತಿತ್ತು. ಚಂದ್ರಮೌಳಿಗೆ ಎದ್ದು ಹೋಗಿ ಅವನ ಕೈ ಹಿಡಿದು ಎಳೆದು ತರಬೇಕೆನಿಸಿತು. ಕರೆತಂದರೆ ಕರ್ಮ ನಡೆಯುವುದಿಲ್ಲ. ನಾಚಿಕೆಯಾಗುತ್ತಿತ್ತು, ಅದರ ಮೇಲೆಯೇ, ಅಪ್ಪನಿಗೆ ದಾರಿ ಸಿಕ್ಕಿತೆಂಬ ಸಮಾಧಾನವೂ ಏರಿಬರುತ್ತಿತ್ತು. ಆ ಸಮಾಧಾನವೇ ದೊಡ್ಡದಾಗಿತ್ತು.

ಅವನು ಪಿತೃಕಾರ್ಯಕ್ಕೆಂದು ಜನಿವಾರವನ್ನು ಬಲಭುಜಕ್ಕೆ ಹಾಕಿಕೊಂಡ.

"ಶುರು ಮಾಡಿ ಶಾಸ್ತ್ರಿಗಳೇ" ಎಂದ.