ದಾರ ಹಿಡಿದು ಇಳಿದ ನೀರು

ನಾನು ಒಂದು ನೀರಿನ ಮೀಟರು. ಅಂಗೈಯಗಲದ ಹಿತ್ತಾಳೆಯ ಮೈ, ಮೇಲೊಂದು ಗಾಜಿನ ಮುಖ, ಅದರೊಳಗೆ ಐದು ಅಂಕಿ, ಒಂದು ಕೆಂಪು ಮುಳ್ಳು. ನನ್ನೊಳಗೆ ನೀರು ಹಾದರೆ ಚಕ್ರ ತಿರುಗುತ್ತದೆ, ಚಕ್ರ ತಿರುಗಿದರೆ ಮುಳ್ಳು ಸರಿಯುತ್ತದೆ, ಮುಳ್ಳು ಸುತ್ತಿ ಸುತ್ತಿ ಅಂಕಿ ಏರುತ್ತದೆ. ಬೇರೆ ವಿದ್ಯೆ ನನಗೆ ಬಾರದು.

ನಾನು ಹುಟ್ಟಿದ ಕಾರ್ಖಾನೆಯಲ್ಲಿ ಆರು ಮೀಟರುಗಳನ್ನು ಒಂದು ಸಾಲಿಗೆ ಜೋಡಿಸಿ ನೀರು ಹಾಯಿಸಿ ನೋಡುತ್ತಿದ್ದರು. ಜೋರು ನೀರಿಗೆ ಎಲ್ಲರೂ ಚುರುಕಾಗಿ ತಿರುಗಿದೆವು. ಕೊನೆಗೆ ಪರೀಕ್ಷೆ ಮಾಡುವವನು ನಲ್ಲಿಯನ್ನು ಎಳೆ ಎಳೆಯಾಗಿ ಸಣ್ಣ ಮಾಡಿದ. ನೀರು ನನ್ನೊಳಗೆ ನುಸುಳಿ ಹೋಯಿತು, ನನ್ನ ಚಕ್ರ ಮಾತ್ರ ಅಲುಗಲಿಲ್ಲ. ನನಗೆ ಅಳುಕಾಯಿತು. ಅವನು ಆಕಳಿಸಿ, "ಇಷ್ಟು ಸಣ್ಣ ನೀರು ಇದಕ್ಕೆ ಗೊತ್ತಾಗಲ್ಲ. ಪರವಾಗಿಲ್ಲ ಬಿಡು, ಯಾರು ಕೂತು ಹಿಂಗೆ ನೀರು ಹಿಡೀತಾರೆ?" ಎಂದು ಮುದ್ರೆ ಒತ್ತಿ ಕಳಿಸಿದ.

ಆ ಅಳುಕು ಅಂದಿನಿಂದಲೇ ನನ್ನ ಜೊತೆ ಬಂತು.

ಹೊಳೆದಂಡೆಯ ಒಂದು ಊರಿನ ಪುರಸಭೆ ನನ್ನನ್ನು ಕೊಂಡಿತು. ಎರಡು ವರ್ಷ ಉಗ್ರಾಣದಲ್ಲಿ, ಬ್ಲೀಚಿಂಗ್ ಪುಡಿಯ ಚೀಲದ ಪಕ್ಕದಲ್ಲಿ ಬಿದ್ದಿದ್ದೆ. ಆಮೇಲೆ ನೀರುಗಂಟಿ ಕೊಟ್ರೇಶಿ, ಎಂದರೆ ಓಣಿ ಓಣಿಗೆ ನೀರು ಬಿಡುವವನು, ಅಂಕಿ ಬರೆದುಕೊಳ್ಳುವವನೂ ಅವನೇ, ನನ್ನನ್ನು ಸೈಕಲ್ಲಿಗೆ ನೇತುಹಾಕಿಕೊಂಡು ಹೋಗಿ ಹಾಲಮ್ಮನ ಮನೆ ಮೆಟ್ಟಿಲ ಪಕ್ಕದ ಗುಂಡಿಯಲ್ಲಿ ಕೂರಿಸಿದ. ಮೇಲೊಂದು ಕಡಪ ಕಲ್ಲು ಮುಚ್ಚಿದ. ಕಲ್ಲಿನ ಸಂದಿಯಿಂದ ನನಗೆ ಕಾಣುತ್ತಿದ್ದದ್ದು ಕಾಲುಗಳಷ್ಟೇ. ಹಾಲಮ್ಮನ ಕಾಲು ಅಗಲ, ಹಿಮ್ಮಡಿ ಒಡೆದದ್ದು, ಕಾಲುಂಗುರ ಸವೆದು ತಂತಿಯಂತಾದದ್ದು. ನೀರಿನ ಕೊಡ ಹೊತ್ತಾಗ ಆ ಕಾಲು ನೆಲವನ್ನು ಗಟ್ಟಿಯಾಗಿ ಒತ್ತುತ್ತಿತ್ತು.

ಅವಳ ಗಂಡ ಲಾರಿಯ ಮೇಲೆ ಊರೂರು ತಿರುಗುವವನು. ಮನೆಯಲ್ಲಿ ಇರುವವರು ಅವಳು ಮತ್ತು ಅತ್ತೆ ಪಾರ್ವತವ್ವ. ಪಾರ್ವತವ್ವ ಸೊಂಟ ಮುರಿದುಕೊಂಡು ಮಂಚ ಹಿಡಿದವಳು. ಅವಳ ಹಾಸಿಗೆ ಬಟ್ಟೆಯನ್ನು ದಿನಾ ಒಗೆಯಬೇಕು, ಮೈ ಒರೆಸಬೇಕು. ನೀರಿಲ್ಲದ ಒಂದು ದಿನ ಆ ಮನೆಯಲ್ಲಿ ನಡೆಯುವಂತಿರಲಿಲ್ಲ.

ಮೊದಮೊದಲು ನಲ್ಲಿ ತಿರುಗಿಸಿ ಭರ್ರನೆ ನೀರು ಹಿಡಿಯುತ್ತಿದ್ದಳು. ನಾನೂ ಖುಷಿಯಿಂದ ತಿರುಗುತ್ತಿದ್ದೆ. ನಲವತ್ತೊಂದರವರೆಗೆ ಅಂಕಿ ಏರಿತು. ಆಗ ಪಕ್ಕದ ಮನೆಯ ಮಾಬೂಬಿ ಗೋಡೆಯಾಚೆಯಿಂದ ಬಂದು ಒಂದು ಹತ್ತಿದಾರ ಕೊಟ್ಟಳು.

"ಹಾಲಕ್ಕಾ, ಇದನ್ನ ನಲ್ಲಿ ಮೂತಿಗೆ ಕಟ್ಟು. ತುದಿ ಕೊಡದೊಳಗೆ ಬಿಡು. ನಲ್ಲಿನ ಕೂದಲೆಳೆಯಷ್ಟೇ ಬಿಚ್ಚು. ನೀರು ದಾರ ಹಿಡ್ಕಂಡು ಸದ್ದಿಲ್ದೆ ಇಳೀತದೆ. ಗುಂಡಿಯಾಗಿರೋ ಕುರುಡನಿಗೆ ಏನೂ ತಿಳಿಯಾಕಿಲ್ಲ."

"ಬಿಲ್ಲು?"

"ಬಿಲ್ಲು ಎಲ್ಲಿಂದ ಬರ್ತದೆ? ಓಣಿಯಾಗ ಎಲ್ರೂ ಹಂಗೇ ಮಾಡ್ತಾರೆ, ನೀನೊಬ್ಬಳು ಸತ್ಯವಂತೆ!"

ಕುರುಡ ಅಂದರೆ ನಾನೇ. ಅಂದಿನಿಂದ ಬೆಳಗಿನಿಂದ ಸಂಜೆವರೆಗೆ ನೀರು ನನ್ನ ಮೈಯನ್ನು ಸವರಿಕೊಂಡು ಹೋಯಿತು. ಒಂದೂವರೆ ಗಂಟೆಗೆ ಒಂದು ಕೊಡ, ದಿನಕ್ಕೆ ಎಂಟು ಕೊಡ. ನನಗೆ ಎಲ್ಲವೂ ತಣ್ಣಗೆ ತಾಕುತ್ತಿತ್ತು. ಹೇಳೋಣವೆಂದರೆ ಮುಳ್ಳು ಏಳುತ್ತಿರಲಿಲ್ಲ. ತಿಂಗಳಿಗೊಮ್ಮೆ ಕೊಟ್ರೇಶಿ ಕಲ್ಲು ಸರಿಸಿ, ಹೆಬ್ಬೆರಳಿನಿಂದ ಗಾಜು ಒರೆಸಿ, "ಅದೇ ನಲವತ್ತೊಂದು" ಎಂದು ಬರೆದುಕೊಂಡು ಹೋಗುತ್ತಿದ್ದ. ಮೂರು ವರ್ಷ ಹೀಗೇ ನಡೆಯಿತು.

ಒಂದು ದಿನ ಅವನು ಕಲ್ಲು ಸರಿಸಲಿಲ್ಲ. ಮೆಟ್ಟಿಲ ಮೇಲೆ ಕೂತು ಒಂದು ಕಾಗದ ಓದಿದ. ಹೊಸ ಪೈಪು ಬರುತ್ತದೆ. ಹೊಳೆಯಿಂದ ಊರಿಗೆ ಸಿಗುವ ನೀರಿನ ಪಾಲು ಇನ್ನು ಮೇಲೆ ನಿಜವಾದ ಬಳಕೆಯ ಮೇಲೆ ನಿಲ್ಲುತ್ತದೆ. ಮೂರು ವರ್ಷದಿಂದ ನೀರು ಬಳಸಿಲ್ಲವೆಂದು ಮೀಟರು ತೋರಿಸುವ ಮನೆಗಳ ನಲ್ಲಿಯನ್ನು ರದ್ದು ಮಾಡುತ್ತಾರೆ. ಬಳಸಿದ್ದೇವೆ ಎನ್ನುವವರು ಹದಿನೈದು ದಿನದೊಳಗೆ ರುಜುವಾತು ಮಾಡಬೇಕು.

"ಹಂಗಂದ್ರೆ ಏನಪ್ಪಾ?" ಹಾಲಮ್ಮನ ಕಾಲು ಬೆರಳುಗಳು ಮುದುಡಿಕೊಂಡವು.

"ಹಂಗಂದ್ರೆ, ನೀವು ಮೂರು ವರ್ಷದಿಂದ ನೀರೇ ಕುಡಿದಿಲ್ಲ ಅಂತ ಈ ಮೀಟರು ಹೇಳ್ತೈತಮ್ಮಾ. ಬೇಡದೋರಿಗೆ ಯಾಕೆ ಕೊಡಬೇಕು ಅಂತಾರೆ. ನಿಮ್ಮ ಓಣಿಯಾಗೆ ಹದಿನಾಲ್ಕು ಮನೆ, ಹದಿನಾಲ್ಕೂ ಹಿಂಗೇ."

ನಾನು ಗುಂಡಿಯಲ್ಲಿ ಕುಗ್ಗಿಹೋದೆ. ನಾನು ಒಂದು ಮಾತೂ ಸುಳ್ಳು ಹೇಳಿದವನಲ್ಲ. ನನಗೆ ಗೊತ್ತಾಗದ್ದನ್ನು ಹೇಳಲಿಲ್ಲ, ಅಷ್ಟೇ. ಆದರೆ ಪಾರ್ವತವ್ವನ ಹಾಸಿಗೆ ಒಗೆಯುವ ನೀರು ಈಗ ನನ್ನ ಮುಖದ ಮೇಲಿನ ಎರಡು ಅಂಕಿಗೆ ಸಿಕ್ಕಿಬಿದ್ದಿತ್ತು.

ಮಾಬೂಬಿ ಮರುದಿನವೇ ಉಪಾಯ ತಂದಳು. "ನಲ್ಲಿ ಪೂರಾ ಬಿಚ್ಚಿ ಚರಂಡಿಗೆ ಬಿಡು. ಹದಿನೈದು ದಿನದಾಗ ಮೀಟರು ಗಿರಗಿರ ತಿರುಗ್ತದೆ." ಹಾಲಮ್ಮ ಬಿಚ್ಚಿದಳು. ಎಷ್ಟೋ ಕಾಲದ ಮೇಲೆ ನನ್ನ ಚಕ್ರ ತಿರುಗಿತು. ನಾಚಿಕೆಯಾದರೂ ಹೇಳುತ್ತೇನೆ, ನನಗೆ ಸುಖವಾಯಿತು. ತುದಿಯಲ್ಲಿ ನಿಂತಿದ್ದ ಅಂಕಿ ಉರುಳಿ ನಲವತ್ತೆರಡಾಯಿತು. ಅಷ್ಟರಲ್ಲಿ ಒಳಗಿನಿಂದ ಪಾರ್ವತವ್ವ ಕೂಗಿದಳು: "ಯಾರೇ ಅದು ನೀರು ಚೆಲ್ಲೋಳು? ಕೈ ಸೇದಿಹೋದಾವು! ಹೊಳೆಯಿಂದ ನೀರು ಹೊತ್ತು ಮುರಿದ ನನ್ನ ಸೊಂಟ ನೋಡೇ!"

ನಲ್ಲಿ ಟಪ್ಪನೆ ನಿಂತಿತು. ಹಾಲಮ್ಮ ಚರಂಡಿಯ ಅಂಚಿನಲ್ಲಿ ಬಹಳ ಹೊತ್ತು ನಿಂತಿದ್ದಳು. ಮತ್ತೆ ಪೂರಾ ಬಿಚ್ಚಲಿಲ್ಲ. ದಿನ ಒಂದೊಂದೇ ಕಳೆದವು. ನಲ್ಲಿ ಹೋದೀತೆಂಬ ಭಯಕ್ಕೆ ಅವಳು ದಾರದಿಂದಲೇ ಮನೆಯ ಪಾತ್ರೆಗಳಿಗೆಲ್ಲ ನೀರು ತುಂಬಿಟ್ಟಳು, ಕೊನೆಗೆ ಹಿಟ್ಟಿನ ಡಬ್ಬಿಗೂ.

ಹನ್ನೆರಡನೆಯ ದಿನ ಕೊಟ್ರೇಶಿಯ ಜೊತೆ ಪುರಸಭೆಯ ಇಂಜಿನಿಯರ್ ಮೇಡಂ ಬಂದರು. ನೀಲಿ ಚಪ್ಪಲಿ, ಮಣ್ಣು ಮೆತ್ತಿದ ಬೆರಳು. ಬಗ್ಗಿ ನನ್ನ ಮುಖ ನೋಡಿದರು.

"ಮೂರು ವರ್ಷ ಒಂದೇ ಅಂಕಿ. ಈಗ ಒಂದು ಏರಿದೆ. ಇದೇನಮ್ಮ?"

"ಅದು ಚರಂಡಿಗೆ ಬಿಟ್ಟಿದ್ದು. ಅದನ್ನ ಲೆಕ್ಕಕ್ಕೆ ಹಿಡೀಬ್ಯಾಡಿ ಮೇಡಂ."

"ಮತ್ತೆ ಮನೆ ನೀರು?"

"ಕೊಡ ತುಂಬೈತೆ ನೋಡಿ."

"ಟ್ಯಾಂಕರ್ ನೀರೂ ಆಗಿರಬಹುದು. ನಿಮ್ಮ ನಲ್ಲಿದೇ ಅಂತ ನಾನು ಹೆಂಗೆ ಬರೀಲಿ?"

ಗೋಡೆಯಾಚೆ ಬಳೆಗಳ ಸದ್ದಾಯಿತು. "ಹಾಲಕ್ಕಾ, ಬಾಯಿ ಬಿಟ್ಟೀಯ! ಹದಿನಾಲ್ಕು ಮನೆಗೂ ದಂಡ ಹಾಕ್ತಾರೆ," ಎಂದು ಮಾಬೂಬಿ ಪಿಸುಗುಟ್ಟಿದಳು. ಪಿಸುಮಾತು ಓಣಿಗೆಲ್ಲ ಕೇಳುವಂತಿತ್ತು. ಕೊಟ್ರೇಶಿ ಕೆಮ್ಮಿದ.

ಹಾಲಮ್ಮನ ಕಾಲು ಒಂದು ಹೆಜ್ಜೆ ಹಿಂದೆ ಹೋಗಿ ಮತ್ತೆ ಮುಂದೆ ಬಂತು.

"ಮೇಡಂ, ಒಂದೂವರೆ ಗಂಟೆ ಕೂತ್ಕಂತೀರಾ?"

ಅವಳು ಖಾಲಿ ಕೊಡ ತಂದಳು, ಬೋರಲು ಮಾಡಿ ತೋರಿಸಿದಳು. ಸೆರಗಿನ ಗಂಟಿನಿಂದ ದಾರ ತೆಗೆದು ನಲ್ಲಿಗೆ ಕಟ್ಟಿದಳು. ಎರಡು ಬೆರಳಲ್ಲಿ ನಲ್ಲಿಯನ್ನು ಅವಳಿಗಷ್ಟೇ ಗೊತ್ತಿರುವ ಅಳತೆಗೆ ತಿರುಗಿಸಿದಳು. ನನ್ನ ಮೇಲಿನ ಕಲ್ಲನ್ನು ಪೂರ್ತಿ ಎತ್ತಿಟ್ಟಳು. ಅಂದು ಮೊದಲ ಸಲ ಅವಳ ಮುಖ ಕಂಡೆ. ಬೆವರಿತ್ತು.

ಮೇಡಂ ಮೆಟ್ಟಿಲ ಮೇಲೆ ಕೂತರು. ಮಂಡಕ್ಕಿ ಬಂತು, ಚಹಾ ಬಂತು. ಓಣಿಯ ಕಾಲುಗಳೆಲ್ಲ ಬಂದು ಸುತ್ತ ನಿಂತವು. ನೀರು ನನ್ನೊಳಗೆ ಹಾಯುತ್ತಿತ್ತು. ಅಲುಗಬೇಡ, ಅಲುಗಬೇಡ ಎಂದು ನನ್ನ ಚಕ್ರಕ್ಕೆ ಹೇಳಿಕೊಂಡೆ. ಹುಟ್ಟಿದಂದಿನಿಂದ ಯಾವುದಕ್ಕೆ ಅಳುಕಿದ್ದೆನೋ, ಇಂದು ಅದನ್ನೇ ಬೇಡಿಕೊಂಡೆ. ಮುಳ್ಳು ಅಲುಗಲಿಲ್ಲ. ಕೊಡ ತುಂಬಿ, ಕಂಠದಿಂದ ಒಂದು ಹನಿ ಹೊರಚೆಲ್ಲಿತು.

ಮೇಡಂ ಕೊಡ ನೋಡಿದರು, ನನ್ನನ್ನು ನೋಡಿದರು. "ಇದು ತಪ್ಪು ಅಂತ ಗೊತ್ತಾ?"

"ಗೊತ್ತು. ನೀರು ಕುಡಿದಿದ್ದೂ ಗೊತ್ತು. ಎರಡೂ ಬರಕೊಳ್ಳಿ."

ಅವರು ಪೆನ್ನಿನ ಮುಚ್ಚಳ ತೆಗೆದರು. ಆಮೇಲೆ ಬರೆದು, ಗಟ್ಟಿಯಾಗಿ ಓದಿದರು: "ದಿನಕ್ಕೆ ಎಂಟು ಕೊಡ ಗೃಹಬಳಕೆ ಇರುತ್ತದೆ. ಕಣ್ಣಾರೆ ನೋಡಿದ್ದೇನೆ. ಮೀಟರು ಕೆಟ್ಟಿರುತ್ತದೆ. ಬದಲಾಯಿಸುವುದು."

"ಅದು ಕೆಟ್ಟಿಲ್ಲ ಮೇಡಂ, ನಾನೇ..." ಎಂದಳು ಹಾಲಮ್ಮ.

"ಕೆಟ್ಟೈತಮ್ಮಾ," ಎಂದ ಕೊಟ್ರೇಶಿ. "ಸುಮ್ಕಿರು."

ಮೂರನೆಯ ದಿನ ಅವನು ನನ್ನನ್ನು ಬಿಚ್ಚಿದ. ಹಾಲಮ್ಮ ಅವನ ಕೈಯಿಂದ ನನ್ನನ್ನು ಇಸಿದುಕೊಂಡು, ಸೆರಗಿನಿಂದ ಮುಖ ಒರೆಸಿ ಕೊಟ್ಟಳು.

ಈಗ ನಾನು ಪಂಪ್‌ಹೌಸಿನ ಹಿಂದಿನ ತಗಡಿನ ಛಾವಣಿಯ ಕೆಳಗೆ ಗುಜರಿ ರಾಶಿಯಲ್ಲಿದ್ದೇನೆ. ಆ ಓಣಿಯ ಉಳಿದ ಹದಿಮೂರು ಮೀಟರುಗಳೂ ಒಂದೊಂದಾಗಿ ಇಲ್ಲಿಗೇ ಬಂದವು. ಎಲ್ಲರ ಹಣೆಯ ಮೇಲೂ ಸುಣ್ಣದಲ್ಲಿ 'ಕೆಟ್ಟಿದೆ' ಎಂದು ಗೀಚಿದ್ದಾರೆ. ಹಾಲಮ್ಮನ ಮನೆಗೆ ಹೊಸ ಮೀಟರು ಕೂರಿಸಿದ್ದಾರಂತೆ, ಹನಿಹನಿಯೂ ಅದಕ್ಕೆ ಗೊತ್ತಾಗುತ್ತದಂತೆ. ಓಣಿಯ ಹೆಸರು ಹೊಸ ಪೈಪಿನ ಪಟ್ಟಿಗೆ ಸೇರಿದೆ. ಅವಳು ದಾರ ಮಾತ್ರ ಬಿಚ್ಚಿಲ್ಲವೆಂದು ಕೊಟ್ರೇಶಿ ಯಾರಿಗೋ ಹೇಳುತ್ತಿದ್ದ. ಬಿಲ್ಲು ಬಂದರೂ ಸರಿ, ಭರ್ರನೆ ಬಿಟ್ಟರೆ ಅತ್ತೆ ಬೈಯುತ್ತಾಳೆ ಎನ್ನುತ್ತಾಳಂತೆ.

ಆ ಹೊಸದು ಸರಿಯಾಗಿ ಎಣಿಸುತ್ತಿದೆಯೋ ಇಲ್ಲವೋ ಎಂಬ ಚಿಂತೆ ನನಗೆ ಇನ್ನೂ ಹೋಗಿಲ್ಲ. ಮಳೆ ಬಂದರೆ ತಗಡಿನ ತೂತಿನಿಂದ ನನ್ನೊಳಗೆ ನೀರು ಇಳಿಯುತ್ತದೆ, ತಣ್ಣಗೆ, ಸದ್ದಿಲ್ಲದೆ, ಅವಳ ದಾರದಿಂದ ಇಳಿದಂತೆಯೇ. ಇದನ್ನಾದರೂ ಎಣಿಸೋಣವೆಂದು ಮೈಯೆಲ್ಲ ಬಿಗಿ ಹಿಡಿಯುತ್ತೇನೆ. ಮುಳ್ಳು ಏಳುವುದಿಲ್ಲ. ಇಷ್ಟು ವರ್ಷ ಒಂದು ಮನೆಗೆ ನೀರು ಹಾಯಿಸಿದ ನನ್ನ ಮುಖದ ಮೇಲೆ ಕೊನೆಯದಾಗಿ ಏರಿದ ಅಂಕಿ, ಚರಂಡಿಗೆ ಹೋದ ನೀರಿನದು.