ನೀಲಿ ಚೀಟಿಯ ಪೆಟ್ಟಿಗೆಗಳು

ಬಂದರಿನ ಉಗ್ರಾಣಕ್ಕೆ ಎರಡು ಬಾಗಿಲು. ದೊಡ್ಡ ದೇಶವೊಂದು ನೆರವಾಗಿ ಕೊಟ್ಟ ಔಷಧಿಯ ಪೆಟ್ಟಿಗೆಗಳು ಎಡಬಾಗಿಲಿನಿಂದ ಒಳಗೆ ಬರುತ್ತಿದ್ದವು. ಈ ದೇಶ ಸಮುದ್ರದಾಚೆಯ ಪುಟ್ಟ ದ್ವೀಪದೇಶಕ್ಕೆ ನೆರವಾಗಿ ಕೊಡುವ ಕನ್ನಡಕಗಳ ಪೆಟ್ಟಿಗೆಗಳು ಬಲಬಾಗಿಲಿನಿಂದ ಹೊರಗೆ ಹೋಗುತ್ತಿದ್ದವು. ನಡುವೆ ಸುತ್ತಿಗೆ ಹಿಡಿದು ಕೂತವಳು ಪೆಟ್ಟಿಗೆಯಕ್ಕ. ಹೆತ್ತವರು ಇಟ್ಟ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಉಳಿದಿತ್ತು.

ದೇಶ ಸಾಲದಲ್ಲಿ ಮುಳುಗಿದೆ ಎಂದು ಯಾರೂ ಅವಳಿಗೆ ಹೇಳಬೇಕಾಗಿರಲಿಲ್ಲ. ಉಗ್ರಾಣಕ್ಕೆ ಹೊಸ ಹಲಗೆ ಬರುವುದು ನಿಂತು ಐದು ವರ್ಷವಾಗಿತ್ತು. ಆಗ ಉಪಾಯ ಹೂಡಿದವಳು ಅವಳೇ. ಬಂದ ಪೆಟ್ಟಿಗೆಯನ್ನು ಬರಿದು ಮಾಡಿ ಅದಕ್ಕೇ ಕನ್ನಡಕ ತುಂಬುವುದು, ಬಗ್ಗಿದ ಮೊಳೆಯನ್ನು ನೆಟ್ಟಗೆ ಮಾಡಿ ಮತ್ತೆ ಹೊಡೆಯುವುದು. ಸೀಸೆಗಳು ಒಡೆಯದಿರಲೆಂದು ದೊಡ್ಡ ದೇಶದವರು ತುರುಕಿ ಕಳಿಸುತ್ತಿದ್ದ ನುಣುಪು ಪತ್ರಿಕೆಗಳನ್ನೂ ಅವಳು ಬಿಸಾಡುತ್ತಿರಲಿಲ್ಲ. ಹಾಳೆ ಹರಿದು ಕನ್ನಡಕಗಳ ನಡುವೆ ತುರುಕುತ್ತಿದ್ದಳು. ಮನೆಯಲ್ಲಿ ಸವೆದ ಸೋಪಿನ ಚೂರುಗಳನ್ನು ಒತ್ತಿ ಹೊಸ ಸೋಪು ಮಾಡುವವಳಿಗೆ ಇದೇನು ಮಹಾ.

ಮಂಗಳವಾರ ಮೇಲ್ವಿಚಾರಕ ಬಂದು, ಶುಕ್ರವಾರ ಹಣಕಾಸಿನ ಸಾಹೇಬರು ಬರುತ್ತಾರೆ, ಕನ್ನಡಕದ ಕತೆ ಇನ್ನು ಮುಗಿದ ಹಾಗೆಯೇ ಎಂದ. ಮೊದಲೆಲ್ಲ ದ್ವೀಪದಿಂದ ವರ್ಷಕ್ಕೊಂದು ಕೃತಜ್ಞತೆಯ ಕಾಗದ ಬರುತ್ತಿತ್ತಂತೆ. ಐದು ವರ್ಷದಿಂದ ಒಂದು ಸಾಲೂ ಇಲ್ಲವಂತೆ. ತಲುಪಿತೋ ಇಲ್ಲವೋ ಗೊತ್ತಿಲ್ಲದ ನೆರವನ್ನು ಸಾಲಗಾರ ದೇಶ ಏಕೆ ಕೊಡಬೇಕು? ಕಟ್ಟಿ ಮುಗಿಯುತ್ತ ಬಂದಿದ್ದ ಹನ್ನೆರಡು ಪೆಟ್ಟಿಗೆಗಳನ್ನು ಪೆಟ್ಟಿಗೆಯಕ್ಕ ನೋಡಿದಳು. ಬಸಿರಿ ಹೆಂಗಸಿನ ಮುಂದೆ ತೊಟ್ಟಿಲು ಮಾರುವ ಮಾತಾಡಿದ ಹಾಗಿತ್ತು.

ರಾತ್ರಿ ಊಟಕ್ಕೆ ಕೂತಾಗ ಬಸ್ ಕಂಡಕ್ಟರನಾದ ಗಂಡ ಸಾಹೇಬರ ಪಕ್ಷ ವಹಿಸಿದ. ಅಂಗಿ ಹರಿದವನು ಊರಿಗೆಲ್ಲ ಶಾಲು ಹೊದಿಸಲು ಹೊರಟರೆ ಜನ ನಗುತ್ತಾರೆ ಎಂಬುದು ಅವನ ವಾದ. ಅತ್ತೆ ತಟ್ಟೆಯಿಂದ ತಲೆಯೆತ್ತದೆ ಕೇಳಿದರು.

"ನಿನ್ನ ಸೈಕಲ್ಲಿಗೆ ಗಾಳಿ ಹೊಡೀತೀಯಲ್ಲ, ಆ ಪಂಪು ಯಾರ್ದು?"

"ಪಕ್ಕದ್ಮನೇದು."

"ಅವ್ರ ಹಿತ್ತಲಲ್ಲಿರೋ ಏಣಿ?"

"ನಮ್ದು."

"ಹಾಗಾದ್ರೆ ಸುಮ್ನೆ ಊಟ ಮಾಡು."

ದೇಶ ಅಂದರೆ ಏಣಿಯಲ್ಲಮ್ಮ ಎಂದು ಅವನು ಗೊಣಗಿದ. ಆದರೆ ಊಟ ಮಾಡಿದ.

ಬುಧವಾರ ಪೆಟ್ಟಿಗೆಯಕ್ಕ ಕೊನೆಯ ಪೆಟ್ಟಿಗೆಗೆ ಹಾಳೆ ಹರಿಯುತ್ತಿದ್ದಾಗ ಒಂದು ಚಿತ್ರ ಕೈಗೆ ಬಂತು. ಯಾವುದೋ ಕಡಲತಡಿಯಲ್ಲಿ ಅಜ್ಜಿಯೊಬ್ಬಳು ಬಲೆ ನೇಯುತ್ತಿದ್ದಾಳೆ. ಮೂಗಿನ ಮೇಲೆ ಕಂದು ಕಟ್ಟಿನ ಕನ್ನಡಕ, ಅದರ ಮಡಿಕೆಯಲ್ಲಿ ಹಿತ್ತಾಳೆಯ ತಿರುಪು. ಅಂಥ ತಿರುಪು ಹಾಕುವುದು ತಮ್ಮ ಸರ್ಕಾರಿ ಕಾರ್ಖಾನೆಯೊಂದೇ. ಅತ್ತೆಯ ಕನ್ನಡಕದಲ್ಲೂ ಅದೇ ಇದೆ, ವಾರಕ್ಕೊಮ್ಮೆ ಸಡಿಲವಾಗುತ್ತದೆ. ಹಾಗಾದರೆ ತಲುಪಿದೆ! ಖುಷಿಯಲ್ಲಿ ಮುಚ್ಚಳ ಎಳೆದುಕೊಂಡವಳ ಕೈ ಅಲ್ಲೇ ನಿಂತಿತು. ಮುಚ್ಚಳದ ಮೇಲೆ ಅಂಗೈಯಗಲದ ನೀಲಿ ಚೀಟಿ, ಅದರಲ್ಲಿ ಒಂದನ್ನೊಂದು ಹಿಡಿದುಕೊಂಡ ಎರಡು ಕೈಗಳು, ಕೆಳಗೆ ದೊಡ್ಡ ದೇಶದ ಹೆಸರು. ಹನ್ನೆರಡು ಮುಚ್ಚಳಗಳ ಮೇಲೂ ಅದೇ ಚೀಟಿ. ಐದು ವರ್ಷದಿಂದಲೂ ಅದೇ.

ಮನೆಗೆ ತಂದ ಹಾಳೆಯನ್ನು ಮಗಳು ಓದಿ ಹೇಳಿದಳು. ದೊಡ್ಡ ದೇಶದ ಭಾಷೆ ಅವಳಿಗೆ ಶಾಲೆಯಲ್ಲಿತ್ತು. ದೊಡ್ಡ ದೇಶ ಪ್ರೀತಿಯಿಂದ ಕೊಟ್ಟ ಕನ್ನಡಕಕ್ಕೆ ದ್ವೀಪದ ಜನ ವರ್ಷವರ್ಷವೂ ಕೃತಜ್ಞತೆ ಬರೆಯುತ್ತಿದ್ದಾರಂತೆ. ಕಳಿಸದ ಕನ್ನಡಕಕ್ಕೆ ಬಂದ ಹೊಗಳಿಕೆಯನ್ನು ಯಾರು ತಾನೆ ವಾಪಸು ಮಾಡುತ್ತಾರೆ.

"ನೀನು ಹೇಳಿದ್ರೆ ಕೆಲಸ ಹೋಗತ್ತೆ," ಎಂದ ಗಂಡ. "ಆಮೇಲೆ ಆ ದ್ವೀಪದೋರು ನಮಗೆ ನೆರವು ಕಳಿಸ್ತಾರಾ?"

ಅವಳು ಅತ್ತೆಯ ಕನ್ನಡಕ ಇಸಿದುಕೊಂಡು ಚಾಕುವಿನ ತುದಿಯಿಂದ ತಿರುಪು ಬಿಗಿ ಮಾಡುತ್ತ ಕೂತಳು. ಹೇಳದಿದ್ದರೆ ಹನ್ನೆರಡು ಪೆಟ್ಟಿಗೆ ಇಲ್ಲೇ ಕೊಳೆಯುತ್ತವೆ. ಬಲೆ ನೇಯುವ ಅಜ್ಜಿಯ ಪಕ್ಕದ ಮನೆಯಲ್ಲಿ ಇನ್ನೊಬ್ಬ ಅಜ್ಜಿ ಇದ್ದೇ ಇರುತ್ತಾಳಲ್ಲ.

ಶುಕ್ರವಾರ ಬಂದ ಹಣಕಾಸಿನ ಸಾಹೇಬರು ಸಣಕಲು ಮನುಷ್ಯ. ನಗುವನ್ನೂ ಮಿತವಾಗಿ ಖರ್ಚು ಮಾಡುವವರು. ಮೇಲ್ವಿಚಾರಕ ತಡೆಯುವ ಮೊದಲೇ ಪೆಟ್ಟಿಗೆಯಕ್ಕ ಹಾಳೆಯನ್ನು ಮೇಜಿನ ಮೇಲಿಟ್ಟು ಎಲ್ಲ ಹೇಳಿಬಿಟ್ಟಳು.

"ಚೀಟಿ ಯಾಕೆ ಕೀಳ್ಲಿಲ್ಲ?" ಎಂದರು ಸಾಹೇಬರು.

"ಕಿತ್ರೆ ಹಲಗೆ ಸಿಬಿರೇಳತ್ತೆ ಸಾರ್." ಮುಚ್ಚಳ ಸವರುತ್ತ ಸೇರಿಸಿದಳು. "ಮತ್ತೆ, ನೋಡೋಕೆ ಚೆನ್ನಾಗಿತ್ತು."

ಮೇಲ್ವಿಚಾರಕ ಕಣ್ಣು ಮುಚ್ಚಿಕೊಂಡ. ಸಾಹೇಬರು ಹಾಳೆಯನ್ನು ತೋಳುದ್ದ ದೂರ ಹಿಡಿದರು, ಹತ್ತಿರ ತಂದರು, ಮತ್ತೆ ದೂರ ಹಿಡಿದರು. ಪೆಟ್ಟಿಗೆಯಕ್ಕನಿಗೆ ನೋಡಲಾಗಲಿಲ್ಲ. ತೆರೆದಿದ್ದ ಪೆಟ್ಟಿಗೆಯಿಂದ ಒಂದು ಕನ್ನಡಕ ತೆಗೆದು, ಸೆರಗಿನಿಂದ ಒರೆಸಿ ಅವರ ಕೈಗಿತ್ತಳು. ಅವರು ಹಾಕಿಕೊಂಡು ಅಜ್ಜಿಯನ್ನು ನೋಡಿದರು. ಬಲೆಯ ಕಣ್ಣುಗಳನ್ನು ಎಣಿಸುತ್ತಿದ್ದಾರೇನೋ ಎನ್ನುವಷ್ಟು ಹೊತ್ತು ನೋಡಿದರು.

"ನಾವೇ ಇನ್ನೊಬ್ರ ಹತ್ರ ಇಸ್ಕೊಂಡು ಬದುಕ್ತಿರೋರು," ಎಂದರು ಕೊನೆಗೆ. "ಕೊಡ್ಬೇಕಾ? ನೀನೇ ಹೇಳು."

"ಸಾಲ ತೀರೋವರ್ಗೂ ನಾವು ಕಾಯ್ಬಹುದು ಸಾರ್. ಅವ್ರ ಕಣ್ಣು ಕಾಯಲ್ವಲ್ಲ."

ಆ ಕನ್ನಡಕ ಇರಲಿ, ನಿಮಗೆ ಒಪ್ಪುತ್ತದೆ ಎಂದು ಮೇಲ್ವಿಚಾರಕ ಸಾಹೇಬರಿಗೆ ಬೆಣ್ಣೆ ಹಚ್ಚಲು ಹೋದ. ಅವರು ಅದನ್ನು ಮೆಲ್ಲಗೆ ತೆಗೆದು, ಮಡಿಸಿ, ಪೆಟ್ಟಿಗೆಯೊಳಗೆ ಅದರ ಜಾಗದಲ್ಲೇ ಇಟ್ಟರು.

"ಇದು ಕೊಟ್ಟಾಯ್ತಲ್ಲ," ಎಂದರು.

ಹನ್ನೆರಡು ಪೆಟ್ಟಿಗೆ ಈ ವರ್ಷ ಹೋಗಲಿ, ಮುಂದಿನ ವರ್ಷದ್ದು ದ್ವೀಪದ ಕಾಗದ ನೋಡಿ ಹೇಳೋಣ ಎಂದು ಬರೆದರು. ಪೆಟ್ಟಿಗೆಯಕ್ಕನ ಕೆಲಸ ಹೋಗಲಿಲ್ಲ, ಭಾನುವಾರ ಹೋಯಿತು. ರಜೆಯ ದಿನ ಬಂದು ಚೀಟಿಗಳನ್ನೆಲ್ಲ ಕೆರೆದು ತೆಗೆಯಬೇಕೆಂಬುದು ಅವಳಿಗೆ ಶಿಕ್ಷೆ.

ಭಾನುವಾರ ಬೇಡವೆಂದರೂ ಗಂಡನೂ ಬಂದ, ಮಗಳೂ ಬಂದಳು. ಒದ್ದೆ ಬಟ್ಟೆ ಹಾಕಿ ನೆನೆಸಿದರೆ ಚೀಟಿ ಸಿಬಿರಿಲ್ಲದೆ ಎದ್ದು ಬರುತ್ತದೆ ಎಂದು ಮೊದಲ ಮುಚ್ಚಳದಲ್ಲೇ ಗೊತ್ತಾಗಿ, ಐದು ವರ್ಷ ಇದು ಹೊಳೆಯಲಿಲ್ಲವಲ್ಲ ಎಂದು ಪೆಟ್ಟಿಗೆಯಕ್ಕ ತಲೆ ಚಚ್ಚಿಕೊಂಡಳು. ಕೆರೆದ ಜಾಗದಲ್ಲಿ ಮಗಳು ಕಪ್ಪು ಬಣ್ಣದಿಂದ ತಮ್ಮ ದೇಶದ ಹೆಸರು ಬರೆದಳು. ಕೊನೆಯ ಅಕ್ಷರಕ್ಕೆ ಜಾಗ ಸಾಲದೆ ಅದು ಮೂಲೆಗೆ ತಿರುಗಿತು.

"ಇಷ್ಟೆಲ್ಲ ಹೆಸರು ಹಾಕ್ಕೊಂಡೇ ಕೊಡ್ಬೇಕಾ?" ಗಂಡ ಬೆನ್ನು ನೀವಿಕೊಳ್ಳುತ್ತ ಕಿಚಾಯಿಸಿದ. "ನಮ್ಮ ಏಣಿ ಮೇಲೆ ಹೆಸರಿದ್ಯಾ?"

"ಪಕ್ಕದ್ಮನೆಯೋರು ಅದನ್ನ ಎದುರುಮನೆಗೆ ಕೊಟ್ಟಾಗ ಗೊತ್ತಾಗತ್ತೆ," ಎಂದಳು ಪೆಟ್ಟಿಗೆಯಕ್ಕ. "ಆ ಮುಚ್ಚಳ ಈ ಕಡೆ ತಳ್ಳಿ."